ಸಿಂಡರ್ ಶಂಕುಗಳ ಸವೆತ

ಜ್ವಾಲಾಮುಖಿಯ ಬಾಯಿಯಿಂದ ಚಿಮ್ಮಿದ ಲಾವಾ ತುಣುಕುಗಳು ಗಾಳಿಯಲ್ಲಿಯೇ ಗಟ್ಟಿಯಾಗಿ, ಆ ಬಾಯಿಯ ಸುತ್ತ ರಾಶಿಬಿದ್ದು ಉಂಟಾದ ಗುಡ್ಡವನ್ನು ಸಿಂಡರ್ ಶಂಕು ಎನ್ನುತ್ತಾರೆ. ಈ ತುಣುಕುಗಳು ಕುಲುಮೆಯ ಕಿಟ್ಟದಂತೆ ರಂಧ್ರಮಯವಾಗಿರುತ್ತವೆ. ಇಂತಹ ಬಹುಪಾಲು ಗುಡ್ಡಗಳು ಒಂದೇ ಅವಧಿಯಲ್ಲಿ ಬೆಳೆದು ಬಳಿಕ ಶಾಶ್ವತವಾಗಿ ತಣ್ಣಗಾಗುತ್ತವೆ. ಆದುದರಿಂದ ಮುಂದೆ ಅವುಗಳ ಆಕಾರದಲ್ಲಿ ಕಾಣುವ ಬದಲಾವಣೆಗೆ ಮುಖ್ಯವಾಗಿ ಸವೆತವೇ ಕಾರಣ.

ಆರಂಭದ ಆಕಾರ

ಹೊಸ ಶಂಕುವಿನ ಇಳಿಜಾರು ಸುಮಾರು 30ರಿಂದ 33 ಡಿಗ್ರಿಗಳಷ್ಟಿರುತ್ತದೆ. ಸಡಿಲವಾದ ಚೂರುಗಳು ಜಾರದೆ ನಿಲ್ಲಬಲ್ಲ ಮಿತಿ ಇದು. ಎತ್ತರವು ಸಾಮಾನ್ಯವಾಗಿ ಬುಡದ ಅಗಲದ ಐದನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ನೆತ್ತಿಯಲ್ಲಿ ಬಟ್ಟಲಿನಾಕಾರದ ಕುಳಿ ಇರುತ್ತದೆ. ಮೆಕ್ಸಿಕೋದ ಪರಿಕುಟಿನ್ 1943ರ ಫೆಬ್ರವರಿ 20ರಂದು ಮೆಕ್ಕೆಜೋಳದ ಹೊಲವೊಂದರಲ್ಲಿ ಹುಟ್ಟಿತು. 1952ರಲ್ಲಿ ಶಾಂತವಾಗುವ ವೇಳೆಗೆ ಅದು ಹೊಲದ ಮಟ್ಟದಿಂದ ಸುಮಾರು 424 ಮೀಟರ್ ಎತ್ತರಕ್ಕೆ ಬೆಳೆದಿತ್ತು.

ಸವೆತದ ಹಂತಗಳು

ಹೊಸ ಶಂಕುವಿನ ಮೇಲೆ ಬಿದ್ದ ಮಳೆನೀರು ಚೂರುಗಳ ಸಂದುಗಳಲ್ಲಿ ಇಂಗಿಹೋಗುತ್ತದೆ. ಮೇಲ್ಮೈಯಲ್ಲಿ ನೀರು ಹರಿಯದ ಕಾರಣ, ಗುಡ್ಡವು ಸಡಿಲವಾಗಿದ್ದರೂ ಆರಂಭದಲ್ಲಿ ನಿಧಾನವಾಗಿಯೇ ಸವೆಯುತ್ತದೆ. ಕಾಲಕ್ರಮೇಣ ಗಾಳಿ ತಂದ ಧೂಳು ಹಾಗೂ ಶಿಥಿಲಗೊಂಡ ಕಲ್ಲಿನ ಪುಡಿ ಆ ಸಂದುಗಳನ್ನು ತುಂಬಿ ಮಣ್ಣು ಉಂಟಾಗುತ್ತದೆ. ಆಗ ನೀರು ಮೇಲ್ಮೈಯಲ್ಲಿ ಹರಿದು ಕೊರಕಲುಗಳನ್ನು ಕೊರೆಯುತ್ತದೆ. ಕುಳಿಯ ಅಂಚು ತಗ್ಗುತ್ತದೆ, ಕುಳಿ ತುಂಬುತ್ತದೆ, ಕೊಚ್ಚಿಬಂದ ಚೂರುಗಳು ಬುಡದಲ್ಲಿ ಹರಡಿಕೊಳ್ಳುತ್ತವೆ. ಹೀಗೆ ಶಂಕು ಕುಳ್ಳಾಗುತ್ತಾ ಅಗಲವಾಗುತ್ತದೆ. ಲಕ್ಷಾಂತರ ವರ್ಷಗಳ ನಂತರ ಕುಳಿಯಿಲ್ಲದ ದುಂಡನೆಯ ದಿಬ್ಬವಷ್ಟೇ ಉಳಿಯುತ್ತದೆ. ಕೆಲವೆಡೆ ದಿಬ್ಬವೂ ಅಳಿದು, ಕೊಳವೆಯೊಳಗೆ ಗಟ್ಟಿಯಾದ ಲಾವಾ ಬಂಡೆಯ ಕಂಬದಂತೆ ನಿಲ್ಲುತ್ತದೆ.

ವಯಸ್ಸಿನ ಅಂದಾಜು

ಇಳಿಜಾರು ಹಾಗೂ ಎತ್ತರ-ಅಗಲಗಳ ಅನುಪಾತವನ್ನು ಅಳೆದು, ಒಂದೇ ಪ್ರದೇಶದ ಶಂಕುಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂಬುದನ್ನು ಭೂವಿಜ್ಞಾನಿಗಳು ಅಂದಾಜಿಸುತ್ತಾರೆ. ಆದರೆ ಹವಾಮಾನ, ಚೂರುಗಳ ಗಾತ್ರ ಮತ್ತು ಅವು ಬಿಸಿಯಲ್ಲಿ ಬೆಸೆದುಕೊಂಡಿರುವ ಪ್ರಮಾಣಕ್ಕೆ ತಕ್ಕಂತೆ ಸವೆತದ ವೇಗ ಬೇರೆಯಾಗುತ್ತದೆ. ಆದ್ದರಿಂದ ಆಕಾರವೊಂದರಿಂದಲೇ ನಿಖರವಾದ ವಯಸ್ಸನ್ನು ಹೇಳಲಾಗದು.

ಮಾನವ ಚಟುವಟಿಕೆ

ಅಮೆರಿಕದ ಅರಿಜೋನಾದಲ್ಲಿರುವ ಸನ್‌ಸೆಟ್ ಕ್ರೇಟರ್ ಸುಮಾರು 900 ವರ್ಷಗಳಷ್ಟು ಹಳೆಯ ಶಂಕು. 1928ರಲ್ಲಿ ಚಲನಚಿತ್ರವೊಂದಕ್ಕಾಗಿ ಅದರ ಇಳಿಜಾರನ್ನು ಸಿಡಿಸುವ ಯೋಜನೆಗೆ ಸಾರ್ವಜನಿಕರಿಂದ ವಿರೋಧ ವ್ಯಕ್ತವಾಯಿತು. 1930ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಆದರೂ ಚಾರಣಿಗರ ಕಾಲ್ತುಳಿತದಿಂದ ಸಡಿಲ ಚೂರುಗಳು ಜಾರಿ ಆಳವಾದ ಗೆರೆಗಳು ಮೂಡಿದವು. 1973ರಲ್ಲಿ ಶಿಖರದ ಕಾಲುದಾರಿಯನ್ನು ಮುಚ್ಚಲಾಯಿತು. ಶತಮಾನಗಳ ಮಳೆಯಿಂದಲೂ ಹೆಚ್ಚು ಸವೆಯದ ಗುಡ್ಡವು ಕೆಲವೇ ದಶಕಗಳ ನಡಿಗೆಯಿಂದ ಹಾನಿಗೊಳಗಾದುದಕ್ಕೆ ಇದು ನಿದರ್ಶನ.