ಗಿರಣಿಯ ಹೊರಗಿನ ತೊಟ್ಟಿಲು

ಮುಂಬಯಿಯ ಗಿರಣಿ ತಾಯಂದಿರು ಕೂಸುಗಳಿಗೆ ಅಫೀಮಿನ ಬಾಲಗೋಳಿ ನುಂಗಿಸಿ ಕೆಲಸಕ್ಕೆ ಹೋಗುತ್ತಿದ್ದುದನ್ನು 1920ರ ದಶಕದ ವರದಿಗಳು ದಾಖಲಿಸಿವೆ. ಅಜ್ಞಾನವೆಂದು ಜರೆದವರಿದ್ದರು. ಚಾಳಿನ ಒಂದೇ ಖೋಲಿಯಲ್ಲಿ, ಅಜ್ಜಿ ದೂರದ ಊರಿನಲ್ಲೇ ಉಳಿದಿದ್ದಾಗ, ಆ ತಾಯಿಗೆ ಬೇರೆ ದಾರಿಯೇನಿತ್ತು? 1929ರ ಮುಂಬಯಿ ಹೆರಿಗೆ ಭತ್ಯೆ ಕಾಯ್ದೆ ಕಾಯ್ದದ್ದು ಬಾಣಂತನದ ಕೆಲವೇ ವಾರಗಳನ್ನು. 1948ರ ಕಾರ್ಖಾನೆ ಕಾಯ್ದೆ ಶಿಶುಗೃಹವನ್ನು ಕಡ್ಡಾಯ ಮಾಡಿತು, ಅದೂ 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಮಾತ್ರ. ಈ ಲೆಕ್ಕವೇ ತಪ್ಪು: ಮಗುವಿನ ಖರ್ಚನ್ನು ಹೆಣ್ಣಾಳಿನ ತಲೆಗೆ ಕಟ್ಟಿದರೆ ಮಾಲೀಕನಿಗೆ ಹೆಣ್ಣಾಳೇ ದುಬಾರಿ. ಗಿರಣಿಗಳಲ್ಲಿ ಹೆಂಗಸರ ಸಂಖ್ಯೆ ಕುಸಿದದ್ದಕ್ಕೆ ಹೊಸ ಯಂತ್ರ, ರಾತ್ರಿಪಾಳಿಯ ನಿಷೇಧ ಕಾರಣವೆನ್ನುವವರ ಮಾತೂ ನಿಜವೇ. ಆದರೆ ಅಷ್ಟೆಲ್ಲ ಅಡ್ಡಿಗಳಿದ್ದಾಗ ಇನ್ನೊಂದನ್ನು ಸೇರಿಸಬಾರದಿತ್ತು. ಗಂಡಸರನ್ನೂ ಸೇರಿಸಿ ನೌಕರರನ್ನು ಎಣಿಸುವ ಶಿಶುಗೃಹ ನಿಯಮ ಬಂದದ್ದು 2017ರಲ್ಲಿ. ಮನೆಗೆಲಸದ ಹೆಂಗಸರು ಅದರ ಹೊರಗೇ ಉಳಿದಿದ್ದಾರೆ.