ಶಿವಾಲಿಕ್ ವಾನರಗಳು

ಹಿಮಾಲಯದ ಪಾದದುದ್ದಕ್ಕೂ ಹಬ್ಬಿದ ಶಿವಾಲಿಕ್ ಶಿಲಾಸ್ತರಗಳಲ್ಲಿ ದೊರೆತ, ಹವಾಮಾನದೊಡನೆ ಹಿಗ್ಗಿ ಕುಗ್ಗಿದ ವಾನರಕುಲಗಳ ಪಳೆಯುಳಿಕೆಗಳು. ಇವುಗಳಲ್ಲಿ ಮೊದಲನೆಯದನ್ನು, ಒಂದು ಕಪಿಯ ಮೇಲ್ದವಡೆಯನ್ನು, ಬೇಕರ್ ಮತ್ತು ಡ್ಯುರಾಂಡ್ 1836ರಲ್ಲಿ ವರ್ಣಿಸಿದರು. ಬಾಲರಹಿತ ವಾನರಗಳಿಗೆ ಪಿಲ್‌ಗ್ರಿಮ್ 1910ರಲ್ಲಿ ಶಿವಪಿಥೆಕಸ್ ಎಂದೂ, ಲೂಯಿಸ್ 1934ರಲ್ಲಿ ರಾಮಪಿಥೆಕಸ್ ಎಂದೂ ನಾಮಕರಣ ಮಾಡಿದರು. ಎರಡನೆಯದು ಮಾನವನ ಪೂರ್ವಜನೆಂಬ ಮತವು ಕೆಲಕಾಲ ಪ್ರಬಲವಾಗಿದ್ದು, ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ಸಿಕ್ಕ ಶಿವಪಿಥೆಕಸ್‌ನ ಮುಖದ ಅಸ್ಥಿಗಳು ಒರಾಂಗುಟಾನನ್ನು ಹೋಲುವುವೆಂದು ಪಿಲ್‌ಬೀಮ್ 1982ರಲ್ಲಿ ತೋರಿಸಿದ ಬಳಿಕ ಅಳಿಯಿತು. ರಾಮಪಿಥೆಕಸ್ ಎಂಬ ಹೆಸರೂ ಶಿವಪಿಥೆಕಸ್‌ನಲ್ಲಿ ಲೀನವಾಯಿತು. ಒಂದೇ ಕುಲದ ದವಡೆಗಳು ಗಾತ್ರಭೇದದಿಂದ ಎರಡು ಹೆಸರು ಪಡೆದಿದ್ದುದರಿಂದ, ಹಳೆಯ ಗ್ರಂಥಗಳು ಕೊಡುವ ಜಾತಿಸಂಖ್ಯೆಯನ್ನು ಹವಾಮಾನದ ಚರ್ಚೆಗೆ ಹಾಗೆಯೇ ಆಧಾರವಾಗಿ ಹಿಡಿಯಲಾಗದು.

ನಿಜವಾದ ವಿವಾದವಿರುವುದು ಈ ಬಾಲರಹಿತ ವಾನರಗಳ ಅಳಿವಿನ ಕಾರಣದಲ್ಲಿ. ಮರಗಿಡಗಳೂ ಉಷ್ಣವಲಯದ ಹುಲ್ಲುಗಳೂ ಇಂಗಾಲವನ್ನು ಬೇರೆಬೇರೆ ಬಗೆಯಲ್ಲಿ ಹೀರುವುದರಿಂದ, ಪ್ರಾಚೀನ ಮಣ್ಣಿನ ಸುಣ್ಣದ ಗಂಟುಗಳಲ್ಲಿಯೂ ಪ್ರಾಣಿಗಳ ಹಲ್ಲುಗಳಲ್ಲಿಯೂ ಆ ಭೇದದ ಗುರುತು ಉಳಿಯುತ್ತದೆ. ಇದನ್ನಳೆದ ಕ್ವೇಡ್, ಸರ್ಲಿಂಗ್ ಮತ್ತು ಬೌಮನ್, ಸುಮಾರು 70–75 ಲಕ್ಷ ವರ್ಷಗಳ ಹಿಂದೆ ಪೊಟ್ವಾರಿನಲ್ಲಿ ಹುಲ್ಲುಗಾವಲು ಕಾಡನ್ನು ಆಕ್ರಮಿಸಿತೆಂದೂ, ಮುಂಗಾರು ಮಾರುತದ ಪ್ರಾಬಲ್ಯವೇ ಅದಕ್ಕೆ ಕಾರಣವೆಂದೂ 1989ರಲ್ಲಿ ಪ್ರತಿಪಾದಿಸಿದರು; ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ಕುಗ್ಗಿದುದೇ ಮೂಲವೆಂಬ ಪ್ರತಿವಾದವೂ ತರುವಾಯ ಹುಟ್ಟಿತು. ಆದರೆ ಪೊಟ್ವಾರಿನಲ್ಲಿ ಶಿವಪಿಥೆಕಸ್‌ನ ಕುರುಹು ಸುಮಾರು 85 ಲಕ್ಷ ವರ್ಷಗಳ ಹಿಂದೆಯೇ ನಿಂತುಹೋಗುತ್ತದೆ. ಹುಲ್ಲು ನೆಲವನ್ನಾಳುವುದಕ್ಕೆ ಮುನ್ನವೇ ವಾನರವು ಮರೆಯಾಗಿರುವಾಗ ಹುಲ್ಲನ್ನೇ ಅಪರಾಧಿಯೆನ್ನುವುದು ಯುಕ್ತವಲ್ಲ. ಒಣಗಾಲವು ದೀರ್ಘವಾಗಿ, ಕಾಡು ಇನ್ನೂ ನಿಂತಿದ್ದಾಗಲೇ ವರ್ಷಪೂರ್ತಿ ಹಣ್ಣು ಸಿಗುವುದು ತಪ್ಪಿತೆಂಬ ವಿವರಣೆಯೇ ಕಾಲಕ್ರಮಕ್ಕೆ ಹೆಚ್ಚು ಹೊಂದುತ್ತದೆ. ಮುಂದಿನ ಸ್ತರಗಳಲ್ಲಿ ಎಲೆಯನ್ನೂ ಜೀರ್ಣಿಸಬಲ್ಲ ಮುಸುವಗಳ ಬಂಧುಗಳೂ, ಅನಂತರ ಕೋಡಗಗಳ ಬಂಧುಗಳೂ ಕಾಣಿಸಿಕೊಳ್ಳುವುದು ಈ ಊಹೆಗೆ ಪೋಷಕವಾಗಿದೆ.

ಜಮ್ಮುವಿನ ರಾಮನಗರದಲ್ಲಿ ದೊರೆತ, ಸುಮಾರು 130 ಲಕ್ಷ ವರ್ಷಗಳಷ್ಟು ಹಳೆಯದಾದ ಒಂದೇ ಒಂದು ದವಡೆಹಲ್ಲಿನ ಆಧಾರದಿಂದ 2020ರಲ್ಲಿ ಹೆಸರಿಸಲಾದ ಇನ್ನೊಂದು ಶಿವಾಲಿಕ್ ವಾನರ, ಕಪಿ ರಾಮನಗರೆನ್ಸಿಸ್, ಗಿಬ್ಬನ್‌ಗಳ ಪ್ರಾಚೀನ ಬಂಧುವೆಂದು ಪರಿಗಣಿತವಾಗಿದೆ. ಇಂದು ಗಿಬ್ಬನ್‌ಗಳು ಭಾರತದಲ್ಲಿ ಈಶಾನ್ಯದ ಕಾಡುಗಳಲ್ಲಿ ಮಾತ್ರವೂ, ಒರಾಂಗುಟಾನ್‌ಗಳು ಬೋರ್ನಿಯೊ, ಸುಮಾತ್ರಾ ದ್ವೀಪಗಳಲ್ಲಿ ಮಾತ್ರವೂ ಉಳಿದಿವೆ.