ಆಹಾರ ಸೇವನೆಯ ಕಾಯಿಲೆ: ಪೂರಕ ಮಾತ್ರೆ ಎಷ್ಟು ಸಹಕಾರಿ?

ದಾವಣಗೆರೆ: ಗರ್ಭಿಣಿ ಮಣ್ಣು ತಿಂದರೆ ಬಯಕೆ, ಮಗು ಬಳಪ ತಿಂದರೆ ಚಟ, ಹರೆಯದ ಹುಡುಗಿ ಊಟ ಬಿಟ್ಟರೆ ಹಟ. ಮಾಯಕೊಂಡದಂತಹ ಹೋಬಳಿ ಕೇಂದ್ರವಿರಲಿ, ನಗರದ ಬಡಾವಣೆಯಿರಲಿ, ಮನೆಗಳಲ್ಲಿ ಕೇಳಿಬರುವ ವಿವರಣೆ ಇಷ್ಟೇ. ವೈದ್ಯಶಾಸ್ತ್ರ ಇವುಗಳನ್ನು ಆಹಾರ ಸೇವನೆಯ ಕಾಯಿಲೆಗಳ ಸಾಲಿನಲ್ಲಿ ಇರಿಸಿದೆ. ಇವುಗಳಿಗೆ ಪೂರಕ ಪೋಷಕಾಂಶಗಳ ನೆರವು ಮಾತ್ರ ಒಂದೇ ತೆರನಾದುದಲ್ಲ.

ಮಣ್ಣು ತಿನ್ನುವ ಕಾಯಿಲೆ
ಮಣ್ಣು, ಸೀಮೆಸುಣ್ಣ, ಬಳಪಗಳನ್ನು ಒಂದು ತಿಂಗಳಿಗೂ ಮೀರಿ ತಿನ್ನುತ್ತಿದ್ದರೆ ಅದು ‘ಪೈಕಾ’ ಆಗಿರಬಹುದು. ಇದರೊಂದಿಗೆ ಕಬ್ಬಿಣಾಂಶದ ಕೊರತೆ ಹಲವು ಬಾರಿ ಕಂಡುಬರುತ್ತದೆ. ಅಂಥವರಲ್ಲಿ ಕೊರತೆ ನೀಗಿದೊಡನೆ ಮಣ್ಣಿನ ಆಸೆಯೂ ಅಡಗುವುದುಂಟು. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಂತೆ 60 ಮಿಲಿಗ್ರಾಂ ಕಬ್ಬಿಣ ಹಾಗೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಮಾತ್ರೆಯನ್ನು ಹದಿಹರೆಯದವರಿಗೆ ವಾರಕ್ಕೊಂದು, ಗರ್ಭಿಣಿಯರಿಗೆ 180 ದಿನ ದಿನಕ್ಕೊಂದು ನೀಡಲಾಗುತ್ತದೆ. ಇದನ್ನು ಚಹಾ, ಕಾಫಿ, ಹಾಲಿನೊಂದಿಗೆ ಸೇವಿಸಬಾರದು. ಅವು ಕಬ್ಬಿಣ ಮೈಗೂಡಲು ಬಿಡವು.

ಊಟ ತೊರೆಯುವ ಕಾಯಿಲೆ
ತೂಕ ಹೆಚ್ಚುವ ಭಯದಿಂದ ಅನ್ನ ತೊರೆಯುವ ‘ಅನೊರೆಕ್ಸಿಯಾ’ದ ಕಥೆ ಬೇರೆ. 1994ರಲ್ಲಿ ಕೆನಡಾದ ವೈದ್ಯರು 35 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಜಿಂಕ್ ಪಡೆದವರ ತೂಕ ಹೆಚ್ಚು ಬೇಗ ಏರಿತ್ತು. ಆದರೆ ಅದು ಚಿಕ್ಕ ಪ್ರಯೋಗ. ಯಾವ ಮಾತ್ರೆಯೂ ಮನದ ಭಯವನ್ನು ಕಳೆಯದು. ಆಪ್ತಸಮಾಲೋಚನೆ, ಕುಟುಂಬದ ಬೆಂಬಲ ಮತ್ತು ಕ್ರಮಬದ್ಧ ಊಟವೇ ಚಿಕಿತ್ಸೆಯ ಬುನಾದಿ. ತಿಂದು ವಾಂತಿ ಮಾಡಿಕೊಳ್ಳುವ ‘ಬುಲಿಮಿಯಾ’ದಲ್ಲಿ ಪೊಟ್ಯಾಷಿಯಂ ಕುಸಿದು ಹೃದಯದ ಲಯ ತಪ್ಪಬಹುದಾದ್ದರಿಂದ ರಕ್ತಪರೀಕ್ಷೆ ಅಗತ್ಯ.

ಅವಸರವೇ ಅಪಾಯ
ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಆಹಾರ ಅಥವಾ ಗ್ಲೂಕೋಸ್ ನೀಡಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ದಿಢೀರನೆ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ಇದಕ್ಕೆ ‘ರೀಫೀಡಿಂಗ್ ಸಿಂಡ್ರೋಮ್’ ಎಂದು ಹೆಸರು. ಆದ್ದರಿಂದಲೇ ವೈದ್ಯರು ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಟ್ಟು, ರಕ್ತಪರೀಕ್ಷೆ ಮಾಡಿಸುತ್ತ, ಆಹಾರವನ್ನು ಹಂತಹಂತವಾಗಿ ಹೆಚ್ಚಿಸುತ್ತಾರೆ. ತೀರಾ ಬಡವಾದ ಮಕ್ಕಳಿಗೆ ಅಂಗಡಿಯಿಂದ ಪ್ರೋಟೀನ್ ಪುಡಿ ತಂದು ಮನೆಯಲ್ಲೇ ‘ಚಿಕಿತ್ಸೆ’ಗೆ ಇಳಿಯುವುದು ಸಲ್ಲದು.

ಎಲ್ಲಿ ವಿಚಾರಿಸಬೇಕು?
ತೂಕ ಇಳಿಕೆ, ಮುಟ್ಟು ನಿಲ್ಲುವುದು, ತಲೆಸುತ್ತು, ಊಟದ ನಂತರ ಗುಟ್ಟಾಗಿ ವಾಂತಿ ಮಾಡಿಕೊಳ್ಳುವುದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು.